ಪುಷ್ಪಾವತಿಯವರು ಹಾಕದ ಸಹಿ

ದೆಹಲಿಯಲ್ಲಿ ನಾನು ಕಂಡ ಜನರಲ್ಲಿ ಪುಷ್ಪಾವತಿಯವರಷ್ಟು ಹೆದರುವವರು ಇನ್ನೊಬ್ಬರಿಲ್ಲ. ಪೊಲೀಸರನ್ನು ಕಂಡರೆ ಹೆದರಿಕೆ, ಮೆಟ್ರೋ ಸ್ಟೇಷನ್ನಿನ ಓಡುವ ಮೆಟ್ಟಿಲು ಕಂಡರೆ ಹೆದರಿಕೆ. ಹೊತ್ತಲ್ಲದ ಹೊತ್ತಿನಲ್ಲಿ ಫೋನ್ ಬಡಿದುಕೊಂಡರೆ ಊರಿನಲ್ಲಿ ಯಾರೋ ಹೋದರೆಂದೇ ಲೆಕ್ಕ. ಗ್ಯಾಸ್ ಸಿಲಿಂಡರ್ ಬದಲಿಸುವಾಗ ಸೆರಗನ್ನು ಮೂಗಿಗೆ ಹಿಡಿದು ರಸ್ತೆಗೆ ಬಂದು ನಿಂತುಬಿಡುತ್ತಿದ್ದರು. ಹೋಟೆಲಿನ ಒಡತಿಯ ಪಾಡು ನೋಡಿ ಎಂದು ನಾನು ಚುಡಾಯಿಸಿದರೆ, "ನೀವು ನಗಾಡಿ ಸಂದೀಪ್. ನಿಮಗೆಂತ, ಹೆಂಡತಿ ಇಲ್ಲ, ಮಕ್ಕಳಿಲ್ಲ" ಎನ್ನುತ್ತಿದ್ದರು.

ಇಂಥ ಹೆಂಗಸು ಒಂದು ಕಾರ್ಖಾನೆಯ ವಿರುದ್ಧ ಹೈಕೋರ್ಟಿಗೆ ಹೋದರು. ಹೋದರು ಎನ್ನುವುದಕ್ಕಿಂತ ಅವರನ್ನು ಮುಂದಕ್ಕೆ ತಳ್ಳಲಾಯಿತು ಎನ್ನುವುದೇ ಸರಿ. ತಳ್ಳಿದವರ ಮೇಲೆ ನನಗೆ ಇಂದಿಗೂ ಸಿಟ್ಟಿದೆ.

ನಾನು ಆಗ ನೋಯ್ಡಾದ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ಕೈಪಿಡಿ ಬರೆಯುವ ಕೆಲಸದಲ್ಲಿದ್ದೆ. ಯಾರೂ ಓದದ ಇಂಗ್ಲಿಷನ್ನು ದಿನವಿಡೀ ಬರೆದು ಸಂಜೆ ಮನೆಗೆ ಬರುವುದು. ಬಾಡಿಗೆ ಅಗ್ಗವೆಂದು ಗಡಿಯ ಈಚೆ, ದೆಹಲಿಗೇ ಸೇರಿದ ಒಂದು ಇಕ್ಕಟ್ಟು ಗಲ್ಲಿಯಲ್ಲಿ ಮಾಳಿಗೆಯ ಕೋಣೆ ಹಿಡಿದಿದ್ದೆ. ಕೆಳಗಿನ ಅಂತಸ್ತಿನಲ್ಲಿ ಜಯಾನಂದರ ಹೋಟೆಲು, ಅದರ ಹಿಂದೆಯೇ ಅವರ ಮನೆ. ಜಯಾನಂದ ಮತ್ತು ಪುಷ್ಪಾವತಿ ಉಡುಪಿಯ ಕಡೆಯವರು, ಮದುವೆಯಾದ ವರ್ಷವೇ ದೆಹಲಿಗೆ ಬಂದವರು. ಒಬ್ಬಳೇ ಮಗಳು ಶ್ರಾವ್ಯಾ, ಕಾಲೇಜಿಗೆ ಹೋಗುತ್ತಿದ್ದಳು. ಅವಳಿಗೆ ಕನ್ನಡ ಪೂರ್ತಿ ಅರ್ಥವಾಗುತ್ತಿತ್ತು, ಬಾಯಿಗೆ ಬರುತ್ತಿದ್ದುದು ಮಾತ್ರ ಹಿಂದಿ.

ಆ ಗಲ್ಲಿಗೆ ನಲ್ಲಿ ನೀರು ಇರಲಿಲ್ಲ. ಕೆಲವು ಮನೆಗಳಲ್ಲಿ ಬೋರ್‌ವೆಲ್, ಉಳಿದವರಿಗೆ ಅವರಿಂದಲೇ ಕೊಡಗಳಲ್ಲಿ ನೀರು. ಆಗೊಮ್ಮೆ ಈಗೊಮ್ಮೆ ಟ್ಯಾಂಕರ್ ಬಂದರೆ ಗಲ್ಲಿಯಲ್ಲಿ ಕೈಕೈ ಮಿಲಾಯಿಸುವಷ್ಟು ಜಗಳ. ಹಿಂದಿನ ಬೀದಿಯಲ್ಲಿ ಜೀನ್ಸ್ ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆಯೊಂದು ಶುರುವಾಗಿ ಎರಡು ವರ್ಷವಾಗಿತ್ತು. ಹೊರಗೆ ಬೋರ್ಡಿಲ್ಲ, ಒಳಗೆ ಹಗಲಿಡೀ ಯಂತ್ರಗಳ ಸದ್ದು. ಅದರ ನೀರು ಚರಂಡಿಗೆ ಬಂದಾಗ ಚರಂಡಿ ನೀಲಿಯಾಗುತ್ತಿತ್ತು. ಆಮೇಲೆ ಚರಂಡಿ ನೀಲಿಯಾಗುವುದು ನಿಂತಿತು. ನಾವು ದಡ್ಡರು, ಸುಧಾರಿಸಿದರೆಂದು ಖುಷಿಪಟ್ಟೆವು. ಅವರು ಆ ನೀರನ್ನು ತಮ್ಮದೇ ಅಂಗಳದಲ್ಲಿ ಬೋರ್ ಕೊರೆದು ನೆಲದೊಳಕ್ಕೆ ಬಿಡತೊಡಗಿದ್ದರು.

ಫೆಬ್ರವರಿ ಮುಗಿಯುವ ಹೊತ್ತಿಗೆ ಹೋಟೆಲಿನ ಬೋರ್‌ವೆಲ್ ನೀರು ವಾಸನೆ ಬರತೊಡಗಿತು. ಬಿಳಿ ಪಾತ್ರೆಯಲ್ಲಿ ಹಿಡಿದರೆ ತೆಳು ಹಳದಿ. ಎದುರು ಮನೆಯ ಕಮಲೇಶ್ ತನ್ನ ಪುಟ್ಟ ಮಗಳ ಕೈ ತೋರಿಸಿದಳು. (ಕಮಲೇಶ್ ಎಂದರೆ ಅಲ್ಲಿ ಹೆಂಗಸಿನ ಹೆಸರೂ ಹೌದು, ನನಗೆ ಇದು ತಿಳಿಯುವಷ್ಟರಲ್ಲಿ ಒಂದೆರಡು ಸಲ ಮುಖಭಂಗವಾಗಿತ್ತು.) ಮಗುವಿನ ಮೊಣಕೈಯಿಂದ ಕೆಳಗೆ ಚರ್ಮ ಕೆಂಪಾಗಿ ಬಿರಿದಿತ್ತು. ಆಮೇಲೆ ಮನೆಮನೆಯಲ್ಲೂ ಅದೇ, ಹೊಟ್ಟೆನೋವು, ವಾಂತಿ, ಕೆರೆತ. ದೂರು ಕೊಟ್ಟೆವು. ಯಾರೂ ಬರಲಿಲ್ಲ.

ಬಂದವರು ಸರಳಾ ತ್ಯಾಗಿ ಎಂಬ ವಕೀಲೆ. ವಸಂತ್ ಕುಂಜ್‌ನಿಂದ ನೋಯ್ಡಾಕ್ಕೆ ಹೋಗಿ ಬರುವಾಗ ದಾರಿ ತಪ್ಪಿ ಒಮ್ಮೆ ಈ ಹೋಟೆಲಿಗೆ ಬಂದವರು, ಆಮೇಲೆ ದೋಸೆಗಾಗಿ ದಾರಿ ತಪ್ಪಿಸಿಕೊಂಡೇ ಬರುತ್ತಿದ್ದರು. ಒಂದು ಭಾನುವಾರ ಗಲ್ಲಿಯವರೆಲ್ಲ ಹೋಟೆಲಿನಲ್ಲಿ ಸೇರಿದಾಗ ಅವರು ಬಿಡಿಸಿ ಹೇಳಿದರು. ಒಬ್ಬೊಬ್ಬರೂ ಒಂದೊಂದು ಕೇಸು ಹಾಕಬೇಕಾಗಿಲ್ಲ. ಸಾರ್ವಜನಿಕ ಹಿತಾಸಕ್ತಿಯ ಅರ್ಜಿ ಎಂದು ಒಂದಿದೆ. ಒಬ್ಬರು ನಿಂತರೆ ಇಡೀ ಗಲ್ಲಿಯ ಪರವಾಗಿ ನಿಂತಂತೆ. ಗೆದ್ದರೆ ಅದರ ಪ್ರಯೋಜನ ಅರ್ಜಿ ಹಾಕದವರಿಗೂ ಸಿಗುತ್ತದೆ, ನಾಳೆ ಬಾಡಿಗೆಗೆ ಬರುವವರಿಗೂ ಸಿಗುತ್ತದೆ.

ಎಲ್ಲರೂ ತಲೆಯಾಡಿಸಿದರು, ವ್ಯವಸ್ಥೆಗೆ ಬೈದರು, ಚಹಾ ಕುಡಿದರು. ಆ ಒಬ್ಬರು ಯಾರು ಎಂದು ಸರಳಾ ಕೇಳಿದರು. ಕಾರ್ಖಾನೆಯ ಮಾಲೀಕನ ಜನ ಹೇಗಿರುತ್ತಾರೆಂದು ಗಲ್ಲಿಗೆ ಗೊತ್ತಿತ್ತು. ಎದೆ ತಟ್ಟಿ ಮಾತಾಡಿದ ಗಂಡಸರೆಲ್ಲ ಬಾಗಿಲ ಕಡೆ ನೋಡತೊಡಗಿದರು. ನಾನೂ ಬಾಡಿಗೆಯವನು, ನನ್ನ ಹೆಸರಲ್ಲಿ ಒಂದು ಬಕೆಟ್ಟೂ ಇರಲಿಲ್ಲ. ಬೋರ್‌ವೆಲ್ ಯಾರ ಹೆಸರಿನಲ್ಲಿದೆಯೋ ಅವರೇ ನಿಂತರೆ ಅರ್ಜಿಗೆ ಬಲ ಎಂದರು ಸರಳಾ.

ಜಯಾನಂದ ಕೆಮ್ಮಿದರು. ಹೋಟೆಲಿನ ಲೈಸೆನ್ಸು, ಕರೆಂಟಿನ ಮೀಟರು, ಬೋರ್‌ವೆಲ್ ಎಲ್ಲವೂ ಹೆಂಡತಿಯ ಹೆಸರಿನಲ್ಲಿದ್ದವು. ಅವರದು ಅಳಿಯಕಟ್ಟಿನ, ಅಂದರೆ ಆಸ್ತಿ ಸೋದರಳಿಯಂದಿರಿಗೆ ಇಳಿಯುವ ಕುಟುಂಬ. ಗಂಡಸಿನ ಹೆಸರಿನಲ್ಲಿ ಏನಾದರೂ ಇಟ್ಟರೆ ನಾಳೆ ಅಕ್ಕತಂಗಿಯರ ಮಕ್ಕಳು ಪಾಲು ಕೇಳಿಕೊಂಡು ಬರುತ್ತಾರೆ ಎಂಬ ಹಳೆಯ ಭಯ. ಕಾನೂನು ಬದಲಾಗಿ ಎಷ್ಟೋ ಕಾಲವಾಗಿತ್ತು, ಭಯ ಬದಲಾಗಿರಲಿಲ್ಲ. ಊರಿನಲ್ಲಿ ಕುಳಿತ ಸೋದರಳಿಯಂದಿರಿಗೆ ಹೆದರಿ ಜಯಾನಂದ ಮಾಡಿದ ಜಾಣತನ, ದೆಹಲಿಯ ಗೂಂಡಾಗಳ ಮುಂದೆ ಹೆಂಡತಿಯನ್ನು ನಿಲ್ಲಿಸಿತು.

ಪುಷ್ಪಾವತಿಯವರು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದರು. ಎಲ್ಲರೂ ತಿರುಗಿ ಅವರನ್ನೇ ನೋಡಿದರು. "ನಾನಾ?" ಎಂದರು. ಅಷ್ಟೇ. ಯಾರೋ ಚಪ್ಪಾಳೆ ಹೊಡೆದರು. ಆ ಚಪ್ಪಾಳೆ ಹೊಡೆದವನ ಕೈ ಮುರಿಯಬೇಕು ಎನಿಸಿತ್ತು ನನಗೆ.

ಅರ್ಜಿಯ ಸುದ್ದಿ ಹರಡಲು ಹೆಚ್ಚು ದಿನ ಬೇಕಾಗಲಿಲ್ಲ. ಒಂದು ಮಧ್ಯಾಹ್ನ ಇಬ್ಬರು ಬಂದು ಹೋಟೆಲಿನಲ್ಲಿ ಕುಳಿತು ಇಡ್ಲಿ ತರಿಸಿಕೊಂಡರು. ನನಗೆ ಅಂದು ರಜೆ, ಪಕ್ಕದ ಮೇಜಿನಲ್ಲೇ ಇದ್ದೆ. ಅವರು ಜೋರಾಗಿ ಮಾತಾಡಲಿಲ್ಲ, ಬೆದರಿಸಲಿಲ್ಲ. ಗಲ್ಲಾಪೆಟ್ಟಿಗೆಯ ಮುಂದೆ ಕುಳಿತಿದ್ದ ಶ್ರಾವ್ಯಾಳನ್ನು ಒಬ್ಬ ನಗುತ್ತಾ ಕೇಳಿದ:

"ಬೇಟಾ, ಕಾಲೇಜಿನ ಬಸ್ ಎಲ್ಲಿಂದ ಹತ್ತುತ್ತೀ?"

ಅವಳು ಪಾಪ, ಹೇಳಿಬಿಟ್ಟಳು. ಅವನು "ಅಚ್ಛಾ" ಎಂದ. ಚಟ್ನಿ ಚೆನ್ನಾಗಿದೆ ಎಂದ. ಇಬ್ಬರೂ ಕೈ ತೊಳೆದು ಹೋದರು.

ಪುಷ್ಪಾವತಿಯವರು ಹಿತ್ತಲಿಗೆ ಓಡಿ ವಾಂತಿ ಮಾಡಿಕೊಂಡರು. ನಾನು ನೀರು ತೆಗೆದುಕೊಂಡು ಹೋದಾಗ ಗೋಡೆಗೆ ಒರಗಿ ಕುಳಿತಿದ್ದರು. ಆ ಸಂಜೆಯೇ ಶ್ರಾವ್ಯಾಳನ್ನು ಮುನಿರ್ಕಾದಲ್ಲಿ ಕೋಣೆ ಮಾಡಿಕೊಂಡಿದ್ದ ಅವಳ ಗೆಳತಿಯ ಬಳಿ ಕಳಿಸಿದರು. "ಮಮ್ಮೀ, ಛೋಡೋ ನಾ ಯೇ ಕೇಸ್‌ವೇಸ್, ಸಾಕು" ಎಂದು ಹುಡುಗಿ ಅಳುತ್ತಾ ಆಟೋ ಹತ್ತಿದಳು. ಆಟೋ ಮರೆಯಾದ ಮೇಲೂ ಪುಷ್ಪಾವತಿಯವರು ಗಲ್ಲಿಯ ತಿರುವಿನಲ್ಲೇ ನಿಂತಿದ್ದರು.

ಬಿಟ್ಟುಬಿಡಿ ಎಂದು ನಾನೂ ಹೇಳಿದೆ. ಅವರು ಎದುರು ಮನೆಯ ಕಡೆ ಕೈ ತೋರಿಸಿದರು. "ಬಿಟ್ಟರೆ ಆ ಮಗುವಿನ ಕೈ ಸರಿಯಾಗ್ತದಾ? ಅದು ದಿನಾ ಬೆಳಿಗ್ಗೆ ನನ್ನ ಇಡ್ಲಿ ತಿಂದು ಶಾಲೆಗೆ ಹೋಗುವುದು." ಆ ಮಾತಿನಲ್ಲಿ ಇನ್ನೇನೋ ಇತ್ತು. ಅದೇನೆಂದು ನನಗೆ ಹೈಕೋರ್ಟಿನಲ್ಲಿ ತಿಳಿಯಿತು.

ಅರ್ಜಿಯ ಜೊತೆ ಪ್ರಮಾಣಪತ್ರ ಕೊಡಬೇಕು, ಬರೆದಿರುವುದೆಲ್ಲ ಸತ್ಯವೆಂದು ಅರ್ಜಿದಾರರು ಆಣೆ ಮಾಡಿ ಸಹಿ ಹಾಕಬೇಕು. ಅದಕ್ಕಾಗಿ ಕೋರ್ಟಿನ ಆವರಣದಲ್ಲೇ ಒಬ್ಬ ಆಣೆ ಅಧಿಕಾರಿ ಕುಳಿತಿರುತ್ತಾನೆ. ಒಂದು ಮೇಜು, ಒಂದು ಮೊಹರು, ಮುಂದೆ ಉದ್ದದ ಸಾಲು. ಅವನು ಮುಖವೆತ್ತಿ ನೋಡದೆ ಟಪ ಟಪ ಮೊಹರು ಒತ್ತುತ್ತಿದ್ದ. ನಾವು ನಾಲ್ವರು ಸಾಲಿನಲ್ಲಿದ್ದೆವು, ಪುಷ್ಪಾವತಿ, ಜಯಾನಂದ, ಸರಳಾ, ನಾನು. ಇಂಗ್ಲಿಷಿನಲ್ಲಿದ್ದ ಪತ್ರವನ್ನು ಕನ್ನಡದಲ್ಲಿ ಓದಿ ಹೇಳಲು ನನ್ನನ್ನು ಕರೆದುಕೊಂಡು ಹೋಗಿದ್ದರು. ಓದಿ ವಿವರಿಸಿದ್ದೇನೆ ಎಂದು ನಾನೂ ಕೆಳಗೆ ಸಹಿ ಹಾಕಬೇಕಿತ್ತು.

ಸಾಲಿನಲ್ಲಿ ನಿಂತೇ ಓದಿದೆ. ಗಲ್ಲಿ, ಕಾರ್ಖಾನೆ, ನೀರಿನ ಬಣ್ಣ, ಮಕ್ಕಳ ಕಾಯಿಲೆ. ಅವರು ಪ್ರತಿಯೊಂದಕ್ಕೂ "ಹೌದು" ಎನ್ನುತ್ತಾ ಬಂದರು. ಆಮೇಲೆ ಈ ಸಾಲು ಬಂತು: ನೀರು ಕೆಟ್ಟಿದೆ ಎಂದು ತಿಳಿದ ದಿನದಿಂದ ಅರ್ಜಿದಾರರು ಬೋರ್‌ವೆಲ್ ನೀರನ್ನು ಹೋಟೆಲಿನ ಅಡುಗೆಗೆ ಬಳಸಿಲ್ಲ.

"ಇದನ್ನು ಯಾರು ಹೇಳಿದ್ದು?" ಎಂದರು.

ಜಯಾನಂದ ತಮ್ಮ ಚಪ್ಪಲಿ ನೋಡತೊಡಗಿದರು. "ನಾನೇ. ವಕೀಲರು ಕೇಳಿದರು, ಹೇಳಿದೆ. ಅದೊಂದು ಸಾಲು ಮಾರಾಯ್ತಿ, ಕಾಗದದಲ್ಲಿ ಇರ್ತದೆ ಅಷ್ಟೆ. ಸಹಿ ಹಾಕು."

"ಟ್ಯಾಂಕರ್ ಬರದ ದಿನ ನಾವು ಅಕ್ಕಿ ನೆನೆಸಿದ್ದು ಯಾವ ನೀರಿನಲ್ಲಿ?"

ಆಗ ನನಗೆ ಅರ್ಥವಾಯಿತು. ಟ್ಯಾಂಕರ್ ಬರದ ದಿನಗಳೇ ಹೆಚ್ಚು. ನಾನೂ ಬೆಳಿಗ್ಗೆ ಸಂಜೆ ಅಲ್ಲೇ ಉಣ್ಣುತ್ತಿದ್ದವನು. ಸಿಟ್ಟು ಬರಬೇಕಿತ್ತು, ಬಂದದ್ದು ಬರೀ ಹೆದರಿಕೆ.

ನಮ್ಮ ಸರದಿ ಬಂತು. ಅಧಿಕಾರಿ ಪತ್ರ ತಿರುವಿ ಬೆರಳಿಟ್ಟ. "ಮಾತಾಜಿ, ಯಹಾಂ ಸೈನ್ ಕರೋ."

ಪುಷ್ಪಾವತಿಯವರು ಸುತ್ತ ನೋಡಿದರು. ದೀಪವಿಲ್ಲ, ದೇವರಿಲ್ಲ. ಆಣೆ ಎಲ್ಲಿ ಎಂದು ತಮ್ಮ ಹರಕು ಹಿಂದಿಯಲ್ಲಿ ಕೇಳಿದರು, "ಭಯ್ಯಾ, ಕಸಮ್ ಕಿಧರ್ ಹೈ?"

ಅವನು ಮೊದಲ ಸಲ ಮುಖವೆತ್ತಿದ. "ಯಹೀ ಕಸಮ್ ಹೈ. ಸೈನ್ ಕರೋ, ಪಿಛೇ ಲೈನ್ ಹೈ."

ಅವರು ಪೆನ್ನನ್ನು ಮೇಜಿನ ಮೇಲಿಟ್ಟು ಸಾಲಿನಿಂದ ಹೊರಬಂದರು. ಹಿಂದಿದ್ದವರು ಗೊಣಗಿದರು. ಅವರು ಕಂಬದ ಪಕ್ಕಕ್ಕೆ ಹೋಗಿ ನಿಂತರು. ನಾವು ಮೂವರೂ ಅವರ ಹಿಂದೆ ಹೋದೆವು.

"ನನ್ನ ಸೋದರಮಾವ ಜಾಗದ ತಕರಾರಿನಲ್ಲಿ ದೈವದ ಎದುರು ಗಂಧ ಮುಟ್ಟಿ ಆಣೆ ಮಾಡಿ ಸುಳ್ಳು ಹೇಳಿದ್ದರು. ಗಡಿಕಲ್ಲು ಇತ್ತ ಇತ್ತು ಅಂತ, ಒಂದೇ ಮಾತು" ಎಂದರು ನನ್ನನ್ನು ನೋಡಿ. "ಆ ವರ್ಷವೇ ಅವರ ಮಾತು ಬಿದ್ದುಹೋಯಿತು. ಸಾಯುವವರೆಗೆ ನೀರು ಬೇಕಾದರೂ ಕೈ ಮಾಡಿ ತೋರಿಸ್ತಿದ್ದರು. ಅವರಿಗೆ ಗಂಜಿ ಕುಡಿಸಿದ್ದು ನಾನು."

ಲಕ್ವ ಎಲ್ಲರಿಗೂ ಹೊಡೆಯುತ್ತದೆ, ಪುಷ್ಪಕ್ಕ, ಎಂದು ಹೇಳಲು ಬಾಯಿ ತೆರೆದವನು ಸುಮ್ಮನಾದೆ. ಅವರ ಮುಖ ಅಷ್ಟು ಬಿಳಿಚಿಕೊಂಡಿತ್ತು. ಗೂಂಡಾಗಳು ಬಂದ ದಿನವೂ ಅವರನ್ನು ಹಾಗೆ ಕಂಡಿರಲಿಲ್ಲ. ದೆಹಲಿಯವರಿಗೆ ಅದು ಮೊಹರು ಹಾಕಿಸಿಕೊಳ್ಳುವ ಕಾಗದ. ಅವರ ಊರಿನವರಿಗೆ ಪ್ರಮಾಣ ಎಂದರೆ ಜೀವ ಒತ್ತೆಯಿಟ್ಟ ಹಾಗೆ.

ನಾನು ಹಿಂದಿಗೆ ತಿರುಗಿಸಿ ಹೇಳಿದ್ದನ್ನೆಲ್ಲ ಕೇಳಿ ಸರಳಾ ಸಿಡಿದುಬಿದ್ದರು. ಸುಳ್ಳು ಹೇಳಿದ್ದಕ್ಕೆ ಮೊದಲು ಜಯಾನಂದರಿಗೆ ಬೈದರು. ಆಮೇಲೆ ಪುಷ್ಪಾವತಿಯವರಿಗೆ ನಿಧಾನವಾಗಿ ಹೇಳಿದರು. ಈ ಸಾಲನ್ನು ತೆಗೆಯಬಹುದು. ಏನೂ ಬರೆಯದೆ ಬಿಟ್ಟರೆ ಎದುರಾಳಿ ಕೇಳುತ್ತಾನೆ, ಅಡುಗೆಗೆ ಯಾವ ನೀರು ಎಂದು. ನಿಜ ಬರೆದರೆ, ಕೆಟ್ಟ ನೀರೆಂದು ತಿಳಿದೂ ಗಿರಾಕಿಗಳಿಗೆ ಬಡಿಸಿದವಳು ಎಂದು ನಿಮ್ಮನ್ನೇ ಕಟಕಟೆಯಲ್ಲಿ ನಿಲ್ಲಿಸುತ್ತಾನೆ. ಹೋಟೆಲು ಮುಚ್ಚಿಸಬಹುದು. ಕೇಸೂ ಹಾಕಬಹುದು.

"ಹೋಟೆಲ್ ಹೋದರೆ ಊರಿಗೆ ಹೋಗಿ ಎಂತ ಮಾಡುವುದು?" ಎಂದರು ಜಯಾನಂದ. "ಪುಷ್ಪಾ, ನಿನ್ನ ಕಾಲಿಗೆ ಬೀಳ್ತೇನೆ."

ಪುಷ್ಪಾವತಿಯವರು ಅಳುತ್ತಿದ್ದರು. ಅಳುತ್ತಲೇ ಒಂದೊಂದಾಗಿ ಹೇಳಿದರು, ನಾನು ಇಂಗ್ಲಿಷಿಗೆ ತಿರುಗಿಸಿದೆ, ಸರಳಾ ಕೈಯಲ್ಲೇ ಬರೆದುಕೊಂಡರು. "ನೀರಿಗೆ ವಾಸನೆ ಇದೆ ಎಂದು ನನಗೆ ಗೊತ್ತಿತ್ತು. ಟ್ಯಾಂಕರ್ ಬರದ ದಿನ ಅದರಲ್ಲೇ ಅಡುಗೆ ಮಾಡಿದ್ದೇನೆ. ನನ್ನ ಹೋಟೆಲಿನಲ್ಲಿ ತಿಂದವರೆಲ್ಲ ಅದನ್ನೇ ತಿಂದಿದ್ದಾರೆ. ನಾವೂ ತಿಂದಿದ್ದೇವೆ." ಹೊಸ ಕಾಗದ ಟೈಪಾಗಿ ಬಂದಾಗ ಕನ್ನಡದಲ್ಲಿ ಸಹಿ ಹಾಕಿದರು. ಅಧಿಕಾರಿ ಈ ಸಲ ಮುಖವೆತ್ತಲಿಲ್ಲ.

ವಿಚಾರಣೆಯ ದಿನ ಕಾರ್ಖಾನೆಯ ವಕೀಲರು ಹಿಡಿದದ್ದು ಅದೇ ಸಾಲುಗಳನ್ನು. ಈ ಹೆಂಗಸೇ ಜನರಿಗೆ ವಿಷ ಬಡಿಸಿದ್ದಾಳೆ, ಈಗ ನಮ್ಮ ಮೇಲೆ ಹಾಕುತ್ತಿದ್ದಾಳೆ ಎಂದರು. ಪುಷ್ಪಾವತಿಯವರಿಗೆ ಇಂಗ್ಲಿಷ್ ತಿಳಿಯದಿದ್ದರೂ ತಮ್ಮ ಕಡೆ ಚಾಚಿದ ಬೆರಳು ತಿಳಿಯಿತು. ನನ್ನ ಅಂಗಿಯ ತೋಳನ್ನು ಗಟ್ಟಿಯಾಗಿ ಹಿಡಿದುಕೊಂಡರು. ಆಗ ಸರಳಾ ಎದ್ದು, ಹಾಗಾದರೆ ನೀರು ವಿಷವೆಂದು ನೀವೇ ಒಪ್ಪಿದಿರಿ ಎಂದರು. ತೊಂದರೆಗೆ ಸಿಕ್ಕವರು ಗಲ್ಲಿಯವರಷ್ಟೇ ಅಲ್ಲ, ಈ ಹೋಟೆಲಿನಲ್ಲಿ ಉಂಡ ಕೂಲಿಗಳು, ಡ್ರೈವರುಗಳು, ಹೆಸರೇ ಗೊತ್ತಿಲ್ಲದ ನೂರಾರು ಜನ. ಅವರ ಪರವಾಗಿ ಮಾತಾಡುವವರು ಈ ಅರ್ಜಿ ಬಿಟ್ಟರೆ ಬೇರೆ ಯಾರು?

ಆದೇಶ ಬಂತು. ಕೋರ್ಟು ನೇಮಿಸಿದವರು ನೀರಿನ ಮಾದರಿ ತೆಗೆದುಕೊಂಡು ಹೋಗಬೇಕು. ವರದಿ ಬರುವವರೆಗೆ ಕಾರ್ಖಾನೆಗೆ ಬೀಗ. ಗಲ್ಲಿಗೆ ದಿನವೂ ಟ್ಯಾಂಕರ್. ಗಲ್ಲಿಯ ಬೋರ್‌ವೆಲ್‌ಗಳೆಲ್ಲ ಬಂದ್, ಪುಷ್ಪಾವತಿಯವರ ಹೋಟೆಲೂ ಬಂದ್. ಗಲ್ಲಿಯಲ್ಲಿ ವಾಸವಿದ್ದವರನ್ನೂ ಹೋಟೆಲಿನಲ್ಲಿ ಉಂಡವರನ್ನೂ ಸರ್ಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆಯಾಗಿ ಪರೀಕ್ಷಿಸಬೇಕು. ಉಂಡವರನ್ನೂ ಎನ್ನುವ ಆ ಮಾತು, ಪುಷ್ಪಾವತಿಯವರು ಕಂಬದ ಪಕ್ಕ ಅಳುತ್ತಾ ಬರೆಸಿದ ಸಾಲಿನಿಂದ ಬಂದದ್ದು.

ಗಲ್ಲಿಯವರು ಅವರನ್ನು ಹೊತ್ತು ಮೆರೆಸಿದರು ಎಂದುಕೊಳ್ಳಬೇಡಿ. ಮರುದಿನ ಬೆಳಿಗ್ಗೆ ಹೋಟೆಲಿನ ಶಟರ್ ಮೇಲೆ ಯಾರೋ ಇದ್ದಿಲಿನಲ್ಲಿ ಜಹರ್, ಅಂದರೆ ವಿಷ, ಎಂದು ಬರೆದಿದ್ದರು. ಕಮಲೇಶ್ ಮಗಳ ಇಡ್ಲಿಯ ಡಬ್ಬಿಯನ್ನು ತಂದು ಅವರ ಕಾಲ ಬುಡಕ್ಕೆ ಎಸೆದಳು. "ದೀದಿ, ಮೇರಿ ಬಚ್ಚಿ ಕೋ ವಹೀ ಪಾನಿ ಪಿಲಾಯಾ?" ನನ್ನ ಮಗುವಿಗೆ ಅದೇ ನೀರು ಕುಡಿಸಿದೆಯಾ ಎಂದು ಕಿರುಚಿದಳು. ಪುಷ್ಪಾವತಿಯವರು ಒಳಗೆ ಓಡಿಹೋಗುತ್ತಾರೆ ಎಂದುಕೊಂಡೆ. ಹೋಗಲಿಲ್ಲ. "ಹಾಂ" ಎಂದರು. ಕಮಲೇಶ್ ಉಗುಳಿ ಹೋದಳು. ಆಮೇಲೆ ಪುಷ್ಪಾವತಿಯವರು ಬಾಗಿಲು ಹಾಕಿಕೊಂಡು ಎರಡು ದಿನ ಹೊರಗೆ ಬರಲಿಲ್ಲ.

ಆಸ್ಪತ್ರೆಗೆ ಹೋಗುವ ದಿನ ಎಲ್ಲರಿಗೂ ಒಂದೇ ಬಸ್ಸು. ಮಾತಿಲ್ಲ, ನಗುವಿಲ್ಲ. ನಮ್ಮೊಳಗೆ ಏನು ಸೇರಿಕೊಂಡಿದೆಯೋ ಎಂಬುದೇ ಎಲ್ಲರ ತಲೆಯಲ್ಲಿ. ನನ್ನ ರಕ್ತ ತೆಗೆಯುವಾಗ ನಾನು ಕಣ್ಣು ಮುಚ್ಚಿಕೊಂಡೆ. ನನ್ನ ಹಿಂದೆಯೇ ಜಯಾನಂದ ಕುಳಿತರು. ಡಾಕ್ಟರು ಚಿಕ್ಕ ವಯಸ್ಸಿನವರು, ಬೆಳಗಿನಿಂದ ಕೇಳಿದ್ದನ್ನೇ ಕೇಳಿ ಸುಸ್ತಾಗಿದ್ದರು. ಆ ಬೋರ್‌ವೆಲ್ ನೀರು ಎಷ್ಟು ಕಾಲ ಕುಡಿದಿರಿ ಎಂದರು ಹಿಂದಿಯಲ್ಲಿ.

ಜಯಾನಂದ ತಡಮಾಡಲಿಲ್ಲ. "ಕುಡಿದಿಲ್ಲ ಡಾಕ್ಟರ್ ಸಾಹೇಬ್. ನಾವು ಟ್ಯಾಂಕರ್ ನೀರೇ. ಹೋಟೆಲಿಗೂ ಅದೇ."

ಹೋಟೆಲು ಮತ್ತೆ ತೆರೆಯುವ ಆಸೆ ಇನ್ನೂ ಹೋಗಿರಲಿಲ್ಲ ಅವರಿಗೆ. ಇಲ್ಲಿ ಹೇಳಿದ್ದೂ ಕೋರ್ಟಿಗೆ ಹೋಗುತ್ತದೆ ಎಂಬ ಲೆಕ್ಕ. ಡಾಕ್ಟರು ಹಾಗಾದರೆ ಸರಿ ಎಂದು ಮುಂದಿನವರನ್ನು ಕರೆದರು. ಜಯಾನಂದ ಕುರ್ಚಿಯಿಂದ ಎದ್ದರು.

"ಕುಳಿತುಕೊಳ್ಳಿ!"

ಪುಷ್ಪಾವತಿಯವರ ದನಿ ಅಷ್ಟು ಜೋರೆಂದು ನನಗೆ ಗೊತ್ತಿರಲಿಲ್ಲ. ಕಾರಿಡಾರಿನಲ್ಲಿದ್ದವರೆಲ್ಲ ತಿರುಗಿದರು, ಕಮಲೇಶ್ ಕೂಡ. ಗಂಡನ ಮಣಿಕಟ್ಟು ಹಿಡಿದು ಕುರ್ಚಿಗೆ ಎಳೆದರು. "ಝೂಟ್ ಬೋಲ್ತಾ ಹೈ ಡಾಕ್ಟರ್ ಸಾಬ್. ಪಿಯಾ ಹೈ. ರೋಜ್ ಪಿಯಾ ಹೈ. ದಿನಾ ಅದನ್ನೇ ಕುಡಿದು ಇನ್ನು ನೀವು ಸುಳ್ಳು ಹೇಳಿದರೆ ನಾನು ಇಲ್ಲೇ ಸಾಯ್ತೇನೆ, ನೋಡಿ."

ಡಾಕ್ಟರು ಒಂದು ಕ್ಷಣ ಅವರಿಬ್ಬರನ್ನು ನೋಡಿದರು. ಆಮೇಲೆ ಬಗ್ಗಿ ಜಯಾನಂದರ ಪ್ಯಾಂಟನ್ನು ಮೊಣಕಾಲಿನವರೆಗೆ ಸರಿಸಿ ಕಾಲಿನ ಮುಂಭಾಗಕ್ಕೆ ಹೆಬ್ಬೆರಳು ಒತ್ತಿದರು. ಬೆರಳು ತೆಗೆದರೂ ಗುಳಿ ಹಾಗೆಯೇ ಉಳಿಯಿತು. ಬಿಪಿ ನೋಡಿದರು, ಇನ್ನೊಮ್ಮೆ ನೋಡಿದರು. ಮೂತ್ರದಲ್ಲಿ ರಕ್ತ ಹೋಗುತ್ತದೆಯೇ ಎಂದು ಕೇಳಿದರು.

 ಜಯಾನಂದ ಹೆಂಡತಿಯ ಕಡೆ ತಿರುಗಿದರು.

"ಹೋಗ್ತದೆ. ತಿಂಗಳುಗಟ್ಟಲೆ ಆಯ್ತು" ಎಂದರು ಕನ್ನಡದಲ್ಲಿ. "ನೀನು ಹೆದರ್ತಿ ಅಂತ ಹೇಳಲಿಲ್ಲ."

ಪುಷ್ಪಾವತಿಯವರು ಅವರ ಕೈ ಬಿಡದೆ ಹಾಗೆಯೇ ನೆಲದ ಮೇಲೆ ಕುಳಿತುಬಿಟ್ಟರು. ಕಿಡ್ನಿಗೆ ಪೆಟ್ಟು ಬಿದ್ದಿರಬೇಕು ಎಂದ ಡಾಕ್ಟರು ನರ್ಸನ್ನು ಕರೆದು ಹಾಸಿಗೆ ಖಾಲಿ ಇದೆಯೇ ಎಂದು ಕೇಳಿದರು. ಆ ಸಂಜೆ ಗಲ್ಲಿಗೆ ಹೊರಟ ಬಸ್ಸಿನಲ್ಲಿ ಅವರಿಬ್ಬರ ಸೀಟು ಖಾಲಿಯಿತ್ತು.